ಶ್ರೀರಂಗಪಟ್ಟಣ ಒಪ್ಪಂದ, 1792: ಪದೇ ಪದೇ ಕೇಳುವ ಪ್ರಶ್ನೆಗಳು

ಮೂರನೇ ಮೈಸೂರು ಯುದ್ಧದಲ್ಲಿ ಸೋತ ಮೈಸೂರಿನ ಮೇಲೆ ಹೇರಿದ ಷರತ್ತುಗಳ ಬಗ್ಗೆ ವಿದ್ಯಾರ್ಥಿಗಳು, ಉಪನ್ಯಾಸಕರು, ಶ್ರೀರಂಗಪಟ್ಟಣ ನೋಡಿ ಬಂದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಸುಲಭದವು ಮೊದಲು ಇವೆ. ನಕಾಶೆ, ಲೆಕ್ಕ ಬೇಕಾದವರು ನೇರವಾಗಿ ಕೆಳಗಿನ ಭಾಗಗಳಿಗೆ ಹೋಗಬಹುದು.

## ಮೊದಲು ತಿಳಿಯಬೇಕಾದದ್ದು

ಇದು ಯಾವ ಯುದ್ಧ ಮುಗಿದಾಗ ಆದ ಒಪ್ಪಂದ? ಯಾರ್ಯಾರ ನಡುವೆ?

1790ರಿಂದ 1792ರವರೆಗೆ ನಡೆದ ಮೂರನೇ ಆಂಗ್ಲೋ-ಮೈಸೂರು ಯುದ್ಧವನ್ನು ಮುಗಿಸಿದ ಒಪ್ಪಂದ ಇದು. ಒಂದು ಕಡೆ ಟಿಪ್ಪು ಸುಲ್ತಾನ. ಇನ್ನೊಂದು ಕಡೆ ಮೂವರು ಮಿತ್ರರು: ಈಸ್ಟ್ ಇಂಡಿಯಾ ಕಂಪನಿ, ಹೈದರಾಬಾದಿನ ನಿಜಾಮ, ಪುಣೆಯ ಪೇಶ್ವೆ. ಕಂಪನಿಯ ಪರವಾಗಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್, ಪೇಶ್ವೆಯ ಪರವಾಗಿ ಹರಿಪಂತ ಫಡಕೆ, ನಿಜಾಮನ ಪರವಾಗಿ ಮಂತ್ರಿ ಅಜೀಮ್-ಉಲ್-ಉಮ್ರಾ ಪಾಳೆಯದಲ್ಲೇ ಇದ್ದರು. ಟಿಪ್ಪುವಿನ ವಕೀಲರಾಗಿ, ಅಂದರೆ ಪ್ರತಿನಿಧಿಗಳಾಗಿ, ಮಾತುಕತೆಗೆ ಕೂತವರು ಗುಲಾಮ್ ಅಲಿ ಖಾನ್ ಮತ್ತು ಅಲಿ ರಜಾ ಖಾನ್. ಕಂಪನಿಯ ಕಡೆಯಿಂದ ಅವರೆದುರು ಕೂತು ಒಂದೊಂದು ಷರತ್ತನ್ನೂ ಚೌಕಾಸಿ ಮಾಡಿದವನು ಸರ್ ಜಾನ್ ಕೆನ್ನವೇ.

ತಾರೀಖು ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ. ಫೆಬ್ರವರಿಯೋ, ಮಾರ್ಚೋ?

ಎರಡೂ ಸರಿ, ಏಕೆಂದರೆ ಕಾಗದಗಳು ಎರಡು. ಮೊದಲನೆಯದು ಪ್ರಾಥಮಿಕ ಕರಾರು. ಅದು ಫೆಬ್ರವರಿ ಕೊನೆಯ ವಾರದಲ್ಲಿ ಆಯಿತು, 24ರಂದು ಗುಂಡಿನ ಸದ್ದು ನಿಂತಿತು. ಎರಡನೆಯದು ತಾಲ್ಲೂಕುಗಳ ಪಟ್ಟಿ ಸಮೇತ ಆದ ಅಂತಿಮ ಒಪ್ಪಂದ, 1792ರ ಮಾರ್ಚ್ 18ರದ್ದು. ಪರೀಕ್ಷೆಯಲ್ಲಿ ಒಂದೇ ತಾರೀಖು ಕೇಳಿದರೆ ಮಾರ್ಚ್ 18 ಬರೆಯಿರಿ. ಈ ಎರಡರ ನಡುವಿನ ಮೂರು ವಾರಗಳಲ್ಲಿ ಮಾತುಕತೆ ಮುರಿದು ಯುದ್ಧ ಮತ್ತೆ ಶುರುವಾಗುವ ಹಂತಕ್ಕೆ ಹೋಗಿತ್ತು. ಅದನ್ನು ಕೊಡಗಿನ ಪ್ರಶ್ನೆಯಲ್ಲಿ ವಿವರಿಸಿದ್ದೇವೆ.

ಷರತ್ತುಗಳು ಏನೇನು? ಚಿಕ್ಕದಾಗಿ ಹೇಳಿ.

ಪ್ರಾಥಮಿಕ ಕರಾರಿನಲ್ಲಿ ಇದ್ದದ್ದು ಇಷ್ಟು. ಯುದ್ಧಕ್ಕೆ ಮುಂಚೆ ಟಿಪ್ಪುವಿನ ಕೈಯಲ್ಲಿದ್ದ ರಾಜ್ಯದ ಅರ್ಧ ಭಾಗವನ್ನು, ಮಿತ್ರರ ಗಡಿಗೆ ಹೊಂದಿಕೊಂಡಿರುವ ಕಡೆಯಿಂದ, ಅವರು ಆರಿಸಿದಂತೆ ಬಿಟ್ಟುಕೊಡಬೇಕು. 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕು. ಹೈದರ್ ಅಲಿಯ ಕಾಲದಿಂದ ಸೆರೆಯಲ್ಲಿರುವ ಎಲ್ಲರನ್ನೂ ಬಿಡಬೇಕು. ಇಷ್ಟೆಲ್ಲ ನೆರವೇರುವ ತನಕ ಟಿಪ್ಪುವಿನ ಮೂವರು ಹಿರಿಯ ಮಕ್ಕಳಲ್ಲಿ ಇಬ್ಬರು ಒತ್ತೆಯಾಗಿರಬೇಕು. ಸಹಿ ಹಾಕಿದ ಕರಾರಿನ ಸಮೇತ ಮಕ್ಕಳು ಪಾಳೆಯಕ್ಕೆ ಬಂದ ಮೇಲೆ ಅಂತಿಮ ಒಪ್ಪಂದ ಬರೆಯುವುದು.

ಹಿಂದೆಯೂ ಇಂಗ್ಲಿಷರ ಜೊತೆ ಒಪ್ಪಂದ ಆಗಿತ್ತಲ್ಲ, ಇದರಲ್ಲಿ ಹೊಸದೇನು?

1769ರ ಮದ್ರಾಸು ಒಪ್ಪಂದವನ್ನು ಹೈದರ್ ಅಲಿ ಮದ್ರಾಸಿನ ಬಾಗಿಲಿಗೇ ಹೋಗಿ ಮಾಡಿಸಿದ. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಲ್ಲಿ ಎರಡೂ ಕಡೆಯವರು ಗೆದ್ದದ್ದನ್ನು ಪರಸ್ಪರ ಹಿಂದಿರುಗಿಸಿದರು. ಅಂದರೆ ಅವೆರಡೂ ಸಮಬಲರ ನಡುವಿನ ರಾಜಿ. 1792ರಲ್ಲಿ ಅಂಥ ಸಮನಾದ ಕೊಡುಕೊಳ್ಳುವಿಕೆ ಇರಲಿಲ್ಲ, ನೆಲ, ಹಣ, ಒತ್ತೆ ಕೊಡಬೇಕಾದದ್ದು ಮೈಸೂರು ಮಾತ್ರ. ಸೋತವನ ಮೇಲೆ ಹೇರಿದ ಒಪ್ಪಂದ ಎಂದು ಇದನ್ನು ಕರೆಯುವುದು ಈ ಕಾರಣಕ್ಕೆ.

## ಸೋಲು ಮತ್ತು ಸಂಧಾನ

ಕೋಟೆ ಬಿದ್ದೇ ಇರಲಿಲ್ಲ. ಹಾಗಿದ್ರೂ ಟಿಪ್ಪು ಯಾಕೆ ಒಪ್ಪಿಕೊಂಡ?

ಇದು ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ. ಉತ್ತರ ಸಿಗಬೇಕಾದರೆ 1791ರ ಮೇ ತಿಂಗಳನ್ನೂ 1792ರ ಫೆಬ್ರವರಿಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಹಿಡಿದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದ. ಮೇ 15ರಂದು ಅರಕೆರೆ ಬಳಿಯ ಕಾಳಗದಲ್ಲಿ ಗೆದ್ದ. ಆದರೂ ಹಿಂದಿರುಗಬೇಕಾಯಿತು. ಮಳೆ ಹಿಡಿದಿತ್ತು, ಕಾವೇರಿ ಏರುತ್ತಿತ್ತು, ದಾಸ್ತಾನು ಮುಗಿದಿತ್ತು, ಬಂಡಿ ಎಳೆಯುವ ಎತ್ತುಗಳು ಸಾಲುಸಾಲಾಗಿ ಸಾಯುತ್ತಿದ್ದವು. ಮುತ್ತಿಗೆಯ ದೊಡ್ಡ ತೋಪುಗಳನ್ನು ಕನ್ನಂಬಾಡಿಯ ಹತ್ತಿರ ತಾವೇ ಒಡೆದು ಹಾಕಿ ಸೇನೆ ಹೊರಟಿತು.

ಮುಂದಿನ ಎಂಟು ತಿಂಗಳಲ್ಲಿ ಈ ಒಂದೊಂದು ಕೊರತೆಯನ್ನೂ ಅವರು ತುಂಬಿಕೊಂಡರು. ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರ್ 21ರಂದು ಸಾವನದುರ್ಗ ಬಿದ್ದು ಬೆಂಗಳೂರಿನಿಂದ ಶ್ರೀರಂಗಪಟ್ಟಣದವರೆಗಿನ ದಾರಿ ಸುರಕ್ಷಿತವಾಯಿತು. ಫೆಬ್ರವರಿ 5ಕ್ಕೆ ಮಿತ್ರಸೇನೆ ಮತ್ತೆ ಕೋಟೆಯ ಉತ್ತರಕ್ಕೆ ಬೀಡುಬಿಟ್ಟಿತು. ಆಗ ಕಾವೇರಿಯಲ್ಲಿ ನೀರು ಇಳಿದಿತ್ತು, ಮಳೆಗಾಲಕ್ಕೆ ಇನ್ನೂ ಮೂರು ತಿಂಗಳಿತ್ತು. 6ರ ರಾತ್ರಿ ಬೆಳದಿಂಗಳಲ್ಲಿ ಮೂರು ದಂಡುಗಳಾಗಿ ನುಗ್ಗಿ ಕೋಟೆಯ ಹೊರಗಿನ ರಕ್ಷಣಾ ಸಾಲನ್ನು ಮುರಿದರು, ನದಿ ದಾಟಿ ದ್ವೀಪದ ಮೇಲೇ ಕಾಲೂರಿದರು. ದ್ವೀಪದಲ್ಲೇ ಇದ್ದ ಗಂಜಾಂ, ಲಾಲ್‌ಬಾಗು ಅವರ ಕೈಗೆ ಹೋದವು. ಮುತ್ತಿಗೆಯ ಬುಟ್ಟಿ, ಕಟ್ಟಿಗೆ ಹೊರೆಗಳಿಗಾಗಿ ಲಾಲ್‌ಬಾಗಿನ ಮರಗಳನ್ನೇ ಕಡಿದರು. ಆ ರಾತ್ರಿಯ ಗಲಿಬಿಲಿಯಲ್ಲಿ ಸೆರೆಯಲ್ಲಿದ್ದ ಸಾವಿರಾರು ಕೊಡವರು ತಪ್ಪಿಸಿಕೊಂಡು ಊರು ಸೇರಿದರು ಎಂದು ಕೊಡಗಿನ ಚರಿತ್ರೆಗಳು ಹೇಳುತ್ತವೆ. 16ರಂದು ಮಲಬಾರಿನಿಂದ ಕೊಡಗಿನ ಮಾರ್ಗವಾಗಿ ಅಬರ್‌ಕ್ರಾಂಬಿಯ ಬೊಂಬಾಯಿ ಸೇನೆಯೂ ಬಂದು ಸೇರಿತು.

ಕೋಟೆ ನಿಂತಿತ್ತು ಎಂಬುದು ನಿಜ. ಆದರೆ ಹಿಂದಿನ ವರ್ಷ ಟಿಪ್ಪುವನ್ನು ಉಳಿಸಿದ ಮಳೆ, ಹಸಿವು, ದೂರ, ಈ ಮೂರರಲ್ಲಿ ಒಂದೂ ಈಗ ಅವನ ಕಡೆ ಇರಲಿಲ್ಲ. ಕೊಯಮತ್ತೂರಿನಲ್ಲಿ ಸೆರೆಸಿಕ್ಕಿದ್ದ ಚಾಮರ್ಸ್ ಮತ್ತು ನ್ಯಾಶ್ ಎಂಬ ಇಬ್ಬರು ಅಧಿಕಾರಿಗಳನ್ನು ಅವನು ಫೆಬ್ರವರಿ 8ರಂದೇ ಬಿಡುಗಡೆ ಮಾಡಿ, ಅವರ ಕೈಯಲ್ಲಿ ಸಂಧಾನದ ಪತ್ರ ಕಳಿಸಿದ್ದ. ರಾತ್ರಿ ದಾಳಿಯಾಗಿ ಎರಡು ದಿನವೂ ತುಂಬಿರಲಿಲ್ಲ.

ಹಾಗಾದ್ರೆ ಕಾರ್ನ್‌ವಾಲಿಸ್ ಕೋಟೆ ಹಿಡಿದು ಕಥೆ ಮುಗಿಸಬಹುದಿತ್ತಲ್ಲ?

ಹಿಡಿದ ಮೇಲೆ ಏನು ಮಾಡುವುದು ಎಂಬುದೇ ಅವನ ಚಿಂತೆ. ಇಡೀ ಮೈಸೂರನ್ನು ಮೂರು ಪಾಲು ಮಾಡಿದರೆ ಮರಾಠರೂ ನಿಜಾಮನೂ ದೊಡ್ಡದಾಗಿ ಬೆಳೆಯುತ್ತಾರೆ, ನಾಳೆ ಅವರೇ ಕಂಪನಿಗೆ ಎದುರಾಳಿಗಳು. 1784ರ ಪಿಟ್‌ನ ಕಾಯಿದೆ ಹಿಂದೂಸ್ಥಾನದಲ್ಲಿ ರಾಜ್ಯ ವಿಸ್ತರಿಸುವ ಯುದ್ಧಗಳು ಬೇಡವೆಂದಿತ್ತು, ಲಂಡನ್ನಿನಲ್ಲಿ ಖರ್ಚಿನ ಬಗ್ಗೆ ತಕರಾರಿತ್ತು. ಮಿತ್ರರನ್ನು ವಿಪರೀತ ಬೆಳೆಸದೆಯೇ ಶತ್ರುವನ್ನು ಕುಗ್ಗಿಸಿದ್ದೇವೆ ಎಂಬರ್ಥದ ಮಾತನ್ನು ಅವನೇ ಒಪ್ಪಂದದ ಹೊತ್ತಿಗೆ ಲಂಡನ್ನಿಗೆ ಬರೆದ. ದಯೆಯಿಂದ ಬಿಟ್ಟ ಎಂದು ಹೇಳುವವರು ಈ ಲೆಕ್ಕಾಚಾರವನ್ನು ಗಮನಿಸಬೇಕು.

## ಹಣದ ಲೆಕ್ಕ

3 ಕೋಟಿ 30 ಲಕ್ಷ ಅಂದ್ರೆ ಆ ಕಾಲಕ್ಕೆ ಎಷ್ಟು ದೊಡ್ಡ ಮೊತ್ತ?

ಈಗಿನ ರೂಪಾಯಿಗೆ ಪರಿವರ್ತಿಸಲು ಹೋಗಬೇಡಿ, ಅದರಿಂದ ಅರ್ಥವಾಗುವುದು ಕಡಿಮೆ. ರಾಜ್ಯದ ಆದಾಯದ ಜೊತೆ ಹೋಲಿಸಿ. ಸಂಧಾನದಲ್ಲಿ ಒಪ್ಪಿಕೊಂಡ ಲೆಕ್ಕದಂತೆ ಟಿಪ್ಪುವಿನ ಇಡೀ ರಾಜ್ಯದ ವಾರ್ಷಿಕ ಹುಟ್ಟುವಳಿ ಸುಮಾರು 2 ಕೋಟಿ 37 ಲಕ್ಷ ರೂಪಾಯಿ. ಅರ್ಧ ಹೋದ ಮೇಲೆ ಉಳಿದದ್ದು ಸುಮಾರು 1 ಕೋಟಿ 18 ಲಕ್ಷ. ಹಾಗಾಗಿ ದಂಡದ ಮೊತ್ತ ಉಳಿದ ರಾಜ್ಯದ ಎರಡೂಮುಕ್ಕಾಲು ವರ್ಷದ ಪೂರ್ತಿ ಆದಾಯ. ಒಂದು ರೂಪಾಯಿಯ ತೂಕ 11.6 ಗ್ರಾಮಿನ ಆಸುಪಾಸು, ಎಲ್ಲವನ್ನೂ ಬೆಳ್ಳಿ ನಾಣ್ಯದಲ್ಲೇ ಕೊಟ್ಟಿದ್ದರೆ 380 ಟನ್ನಿಗೂ ಹೆಚ್ಚು ಬೆಳ್ಳಿ ಆಗುತ್ತಿತ್ತು.

ಕೊಡುವ ಕ್ರಮವೂ ಕರಾರಿನಲ್ಲೇ ಇತ್ತು. ಅರ್ಧ, ಅಂದರೆ 1 ಕೋಟಿ 65 ಲಕ್ಷ, ಕೂಡಲೇ. ಉಳಿದ 1 ಕೋಟಿ 65 ಲಕ್ಷ ಮೂರು ಕಂತುಗಳಲ್ಲಿ, ಒಂದೊಂದು ಕಂತಿಗೂ ನಾಲ್ಕು ತಿಂಗಳಿಗಿಂತ ಹೆಚ್ಚು ಅವಧಿ ಇಲ್ಲ. ವರಹ, ಚಿನ್ನದ ಮೊಹರು, ಪೂರ್ಣ ತೂಕದ ರೂಪಾಯಿ ಇವುಗಳಲ್ಲಿ ಪಾವತಿ ಮಾಡಬೇಕು, ಕೂಡಲೇ ಕೊಡುವ ಪಾಲಿಗೆ ಚಿನ್ನ ಬೆಳ್ಳಿಯ ಗಟ್ಟಿಯೂ ನಡೆಯುತ್ತಿತ್ತು. "ಪೂರ್ಣ ತೂಕ" ಎಂಬ ಷರತ್ತು ಸುಮ್ಮನೆ ಹಾಕಿದ್ದಲ್ಲ. ಆ ಕಾಲದಲ್ಲಿ ಬಗೆಬಗೆಯ ಟಂಕಸಾಲೆಗಳ ನಾಣ್ಯ ಚಲಾವಣೆಯಲ್ಲಿತ್ತು. ಸವೆದ ನಾಣ್ಯ ಎಣಿಸಿ ಕೊಟ್ಟರೆ ಕೊಡುವವನಿಗೆ ಲಾಭ, ತೂಗಿ ತೆಗೆದುಕೊಂಡರೆ ತೆಗೆದುಕೊಳ್ಳುವವನಿಗೆ ಲಾಭ.

ಅಷ್ಟು ದುಡ್ಡು ಎಲ್ಲಿಂದ ಬಂತು? ರೈತರ ಮೇಲೆ ಹಾಕಿದನಾ?

ದೊಡ್ಡ ಪಾಲು ಹೌದು. ಬ್ರಿಟಿಷ್ ಬರಹಗಾರರು ಕೊಡುವ ಲೆಕ್ಕದಲ್ಲಿ ಖಜಾನೆಯಿಂದ 1 ಕೋಟಿ 10 ಲಕ್ಷ, ಸೇನೆಯಿಂದ ನಜರಾನೆಯಾಗಿ 60 ಲಕ್ಷ, ಉಳಿದ 1 ಕೋಟಿ 60 ಲಕ್ಷ ಅಧಿಕಾರಿಗಳಿಂದ ಮತ್ತು ಪ್ರಜೆಗಳಿಂದ. ಇದನ್ನು ಹೇಳುವವರು ಟಿಪ್ಪುವಿನ ವಿರೋಧಿಗಳು ಎಂಬುದನ್ನು ಮರೆಯಬಾರದು. ಹಾಗಿದ್ದರೂ ಅಂಕಿಗಳ ಹಿಂದಿನ ವಿಚಾರವನ್ನು ತಳ್ಳಿಹಾಕಲು ಬರುವುದಿಲ್ಲ. ಎರಡೂಮುಕ್ಕಾಲು ವರ್ಷದ ಕಂದಾಯವನ್ನು ಒಂದು ವರ್ಷದೊಳಗೆ ಖಜಾನೆಯೊಂದರಿಂದಲೇ ತೆಗೆದುಕೊಡುವುದು ಯಾವ ದೊರೆಗೂ ಸಾಧ್ಯವಿರಲಿಲ್ಲ. ಎರಡು ವರ್ಷ ನಾಲ್ಕು ಸೇನೆಗಳು ಓಡಾಡಿ ಬೆಳೆ, ದನಕರು, ಮೇವು ಕಳೆದುಕೊಂಡಿದ್ದ ಹಳ್ಳಿಗಳ ಮೇಲೇ ಈ ಹೊರೆ ಬಿತ್ತು. ಒಪ್ಪಂದದ ಬಗ್ಗೆ ಮಾತಾಡುವಾಗ ಸುಲ್ತಾನ ಮತ್ತು ಗವರ್ನರ್ ಜನರಲ್ ಇಬ್ಬರೇ ಕಾಣುತ್ತಾರೆ. ಅದನ್ನು ತೀರಿಸಿದವರು ಮದ್ದೂರು, ಮಳವಳ್ಳಿ, ಹೊಸಕೋಟೆಯಂಥ ಊರುಗಳ ಒಕ್ಕಲುಗಳು.

## ಒತ್ತೆಯಾದ ಮಕ್ಕಳು

ಒತ್ತೆ ಹೋದ ಮಕ್ಕಳು ಯಾರು? ಅವರಿಗೆ ಏನಾಯಿತು?

ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್. ಪಾಳೆಯದಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು ಅವರ ವಯಸ್ಸನ್ನು ಸುಮಾರು 10 ಮತ್ತು 8 ಎಂದು ಬರೆದಿದ್ದಾರೆ, ಇನ್ನೂ ಚಿಕ್ಕವರೆಂದು ಹೇಳುವ ಬರಹಗಳೂ ಇವೆ. ಹಿರಿಯ ಮಗ ಫತೇ ಹೈದರ್ ಆಗಲೇ ಕುದುರೆ ದಂಡು ನಡೆಸುತ್ತಿದ್ದ, ಅವನನ್ನು ಟಿಪ್ಪು ಕಳಿಸಲಿಲ್ಲ. ಫೆಬ್ರವರಿ 26ರಂದು ಮಕ್ಕಳು ಆನೆಯ ಮೇಲೆ ಪಾಳೆಯಕ್ಕೆ ಬಂದರು, 21 ತೋಪುಗಳ ಮರ್ಯಾದೆ ಆಯಿತು, ಕಾರ್ನ್‌ವಾಲಿಸ್ ಇಬ್ಬರಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಆಮೇಲೆ ಅವರನ್ನು ಮದ್ರಾಸಿನಲ್ಲಿ ಇರಿಸಿಕೊಂಡರು. ಹಣ ಸಂದಾಯವಾದ ಮೇಲೆ 1794ರಲ್ಲಿ ದೇವನಹಳ್ಳಿಯಲ್ಲಿ ತಂದೆಗೆ ಒಪ್ಪಿಸಿದರು. ಎರಡು ವರ್ಷಕ್ಕೂ ಮೇಲೆ ಆ ಮಕ್ಕಳು ಮನೆಯಿಂದ ದೂರವಿದ್ದರು.

1799ರಲ್ಲಿ ಪಟ್ಟಣ ಬಿದ್ದ ಮೇಲೆ ಇಡೀ ಕುಟುಂಬವನ್ನು ವೆಲ್ಲೂರು ಕೋಟೆಗೆ ಒಯ್ದರು. 1806ರ ಜುಲೈ 10ರ ವೆಲ್ಲೂರು ಸಿಪಾಯಿ ದಂಗೆಯ ನಂತರ ಅಲ್ಲಿಂದ ಕಲ್ಕತ್ತೆಗೆ ಸಾಗಿಸಿದರು.

ಆ ಪ್ರಸಿದ್ಧ ಚಿತ್ರಗಳಲ್ಲಿ ಇರೋ ಹಾಗೇ ನಡೆದಿತ್ತಾ?

ಚಿತ್ರ ಯಾರದ್ದು ಎಂದು ಮೊದಲು ನೋಡಿ. ರಾಬರ್ಟ್ ಹೋಮ್ ಸೇನೆಯ ಜೊತೆಗೇ ಇದ್ದ ಚಿತ್ರಕಾರ. ಮ್ಯಾಥರ್ ಬ್ರೌನ್ ಹಿಂದೂಸ್ಥಾನಕ್ಕೆ ಬಂದವನೇ ಅಲ್ಲ, ಲಂಡನ್ನಿನಲ್ಲಿ ಕೂತು ಬರೆದ. ಎರಡರಲ್ಲೂ ಕಾರ್ನ್‌ವಾಲಿಸ್ ತಂದೆಯಂತೆ ಕೈಚಾಚಿ ನಿಂತಿದ್ದಾನೆ. 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾದ ಸೇನಾಪತಿ ಇವನೇ ಎಂಬುದು ಲಂಡನ್ನಿನ ಜನಕ್ಕೆ ಗೊತ್ತಿತ್ತು, ಅಂಥವನಿಗೆ ಈ ದೃಶ್ಯ ಬಹಳ ಬೇಕಾಗಿತ್ತು. ಚಿತ್ರದಲ್ಲಿ ಕಾಣದ ಒಂದು ಸಂಗತಿ: ಮಾರ್ಚ್‌ನಲ್ಲಿ ಮಾತುಕತೆ ಕೆಟ್ಟಾಗ ಇದೇ ಮಕ್ಕಳ ಮೈಸೂರು ಕಾವಲುಗಾರರ ಆಯುಧ ಕಿತ್ತುಕೊಂಡು, ಅವರನ್ನು ಬೆಂಗಳೂರಿನ ಕಡೆಗೆ ಸಾಗಿಸತೊಡಗಿದರು.

ಮಕ್ಕಳನ್ನು ಒತ್ತೆ ಇಟ್ಟದ್ದು ಹೇಡಿತನ ಅಲ್ವಾ?

ಇದನ್ನು ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನು ಮೊದಲೇ ನಿರ್ಧರಿಸಿರುತ್ತಾರೆ. ಒತ್ತೆ ಕೊಡುವುದು, ಪಡೆಯುವುದು ಆ ಕಾಲದ ದಕ್ಷಿಣದ ರಾಜಕೀಯದಲ್ಲಿ ರೂಢಿಯಲ್ಲಿತ್ತು. ಪಾಳೆಯಗಾರರಿಂದ ಮೈಸೂರೂ ಒತ್ತೆ ಪಡೆಯುತ್ತಿತ್ತು. ಟಿಪ್ಪುವಿನ ಮುಂದಿದ್ದ ದಾರಿಗಳು ಎರಡೇ, ಒಪ್ಪುವುದು ಅಥವಾ ಊರು, ಅರಮನೆ, ಮಕ್ಕಳು ಎಲ್ಲರೂ ಇರುವ ಕೋಟೆಯ ಮೇಲೆ ನೇರ ದಾಳಿಯನ್ನು ಎದುರಿಸುವುದು. ಆ ಎರಡನೆಯ ದಾರಿಯ ಕೊನೆ ಏನೆಂದು, ಕೋಟೆ ಬಿದ್ದು ಟಿಪ್ಪು ಸತ್ತ 1799ರ ಮೇ 4ರಂದು ಕಾಣಿಸಿತು.

## ನೆಲದ ಹಂಚಿಕೆ

"ಅರ್ಧ ರಾಜ್ಯ" ಅಂದ್ರೆ ಅರ್ಧ ವಿಸ್ತೀರ್ಣವಾ?

ಅಲ್ಲ. ಅರ್ಧ ಕಂದಾಯ. ಬಹಳಷ್ಟು ಪಠ್ಯಗಳಲ್ಲಿ ಈ ವಿಷಯ ಬಿಟ್ಟುಹೋಗಿರುತ್ತದೆ. ಆಗ ಇಡೀ ರಾಜ್ಯದ ಅಳತೆಯ ನಕಾಶೆ ಯಾರ ಬಳಿಯೂ ಇರಲಿಲ್ಲ. ಇದ್ದದ್ದು ತಾಲ್ಲೂಕುವಾರು ಹುಟ್ಟುವಳಿಯ ಲೆಕ್ಕ. ಹಾಗಾಗಿ ಒಂದೊಂದು ತಾಲ್ಲೂಕಿನ ಹೆಸರಿನ ಮುಂದೆ ಅದರ ವರಮಾನ ಬರೆದು, ಕೂಡಿಸಿ, ಒಟ್ಟಿನ ಅರ್ಧ ಬರುವ ತನಕ ಆರಿಸಿಕೊಂಡರು. ಮೂವರು ಮಿತ್ರರಿಗೂ ಸಮಪಾಲು, ತಲಾ ಸುಮಾರು 39 ಲಕ್ಷ 50 ಸಾವಿರ ರೂಪಾಯಿ ಹುಟ್ಟುವಳಿಯ ಸೀಮೆ. ಸಮಪಾಲಿನ ಮಾತು 1790ರಲ್ಲಿ ಮೈತ್ರಿಯಾದಾಗಲೇ ಆಗಿತ್ತು.

ಜಗಳ ಹುಟ್ಟಿದ್ದು ಈ ವಿಧಾನದಲ್ಲೇ. ಗಡಿ ತಾಲ್ಲೂಕುಗಳ ವರಮಾನವನ್ನು ಹೆಚ್ಚಿಗೆ ತೋರಿಸಿದರೆ ಕಡಿಮೆ ನೆಲ ಕೊಟ್ಟು ಅರ್ಧ ತುಂಬಿಸಬಹುದು. ನಡುನಾಡಿನ ವರಮಾನ ಕಡಿಮೆ ತೋರಿಸಿದರೆ ಒಟ್ಟೇ ಇಳಿಯುತ್ತದೆ, ಆಗ ಅರ್ಧವೂ ಇಳಿಯುತ್ತದೆ. ಮೈಸೂರಿನ ವಕೀಲರು ಹೀಗೆ ಮಾಡಿದರೆಂದು ಮಿತ್ರರ ದೂರು. ಮಿತ್ರರು ತಮ್ಮ ಅನುಕೂಲಕ್ಕೆ ಬೇರೆ ಲೆಕ್ಕ ತಂದರೆಂದು ಮೈಸೂರಿನ ದೂರು. ಲೆಕ್ಕದ ಪುಸ್ತಕ ಸೋತವನ ಕೈಯಲ್ಲೂ ಆಯ್ಕೆ ಗೆದ್ದವನ ಕೈಯಲ್ಲೂ ಇದ್ದಾಗ ಇದು ತಪ್ಪಿದ್ದಲ್ಲ.

ಯಾರಿಗೆ ಯಾವ ಪ್ರದೇಶ ಹೋಯಿತು?

ಕಂಪನಿಗೆ: ಮಲಬಾರು, ಪಾಲಕ್ಕಾಡು, ದಿಂಡಿಗಲ್ ಮತ್ತು ಪಳನಿ, ಸೇಲಂ, ಬಾರಾಮಹಲು (ಕೃಷ್ಣಗಿರಿ ಸುತ್ತಲಿನ ಸೀಮೆ), ನಾಮಕ್ಕಲ್, ಸಂಕಗಿರಿ ಸೀಮೆ, ಜೊತೆಗೆ ಕೊಡಗು. ಕಂಪನಿಯ ಪಾಲಿನಲ್ಲಿ ಬಹುದೊಡ್ಡ ತುಂಡು ಕಲ್ಲಿಕೋಟೆಯ 63 ತಾಲ್ಲೂಕುಗಳು, ಅದೊಂದೇ ಅವರ ಪಾಲಿನ ಅರ್ಧಕ್ಕಿಂತ ಹೆಚ್ಚು.

ಪೇಶ್ವೆಗೆ: ತುಂಗಭದ್ರೆಯ ಉತ್ತರದ ಸೀಮೆ, ಮುಖ್ಯವಾಗಿ ಧಾರವಾಡ. ಮರಾಠ ಸರದಾರ ಪರಶುರಾಮಭಾವು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ 1791ರ ಏಪ್ರಿಲ್‌ನಲ್ಲಿ ಧಾರವಾಡ ಕೋಟೆಯನ್ನು ಆಗಲೇ ಪಡೆದಿದ್ದ.

ನಿಜಾಮನಿಗೆ: ಕೃಷ್ಣೆಯಿಂದ ತುಂಗಭದ್ರೆಯಾಚೆಗೆ ಕಡಪ, ಗಂಡಿಕೋಟೆ, ಕಂಭಂ ತನಕದ ಸೀಮೆ, ಈ ಕಡೆ ಕೊಪ್ಪಳ, ಕನಕಗಿರಿ.

ಟಿಪ್ಪುವಿಗೆ ಉಳಿದದ್ದರಲ್ಲಿ ಕೊಯಮತ್ತೂರು ಮತ್ತು ಮಂಗಳೂರು ಸೇರಿದ ಕನ್ನಡ ಕರಾವಳಿ ಮುಖ್ಯ. ಇವೂ 1792ರಲ್ಲೇ ಹೋದವೆಂದು ಎಷ್ಟೋ ಕಡೆ ಬರೆದಿರುತ್ತಾರೆ. ಅವು ಹೋದದ್ದು 1799ರಲ್ಲಿ.

ಬೆಂಗಳೂರನ್ನು ಅಷ್ಟು ಕಷ್ಟಪಟ್ಟು ಗೆದ್ದು ವಾಪಸ್ ಯಾಕೆ ಕೊಟ್ರು?

ಮಿತ್ರರು ತಮ್ಮ ಗಡಿಗೆ ಹೊಂದಿದ ಸೀಮೆಯನ್ನು ಆರಿಸಿದ್ದರಿಂದ ನಡುನಾಡಿನ ಬೆಂಗಳೂರು, ನಂದಿ, ಸಾವನದುರ್ಗ ಹಿಂದಿರುಗಿದವು. ಬೆಂಗಳೂರನ್ನು ಇಟ್ಟುಕೊಂಡರೆ ಸುತ್ತಲೂ ಮೈಸೂರು ಸೀಮೆ, ಕಾವಲಿಗೆ ಭಾರೀ ಖರ್ಚು. ವಾಪಸ್ ಬಂದ ಕೋಟೆಯನ್ನು ಟಿಪ್ಪು ಕೆಡವಿಸಿದ. ಮತ್ತೆ ಶತ್ರುವಿನ ಕೈಗೆ ಸಿಕ್ಕರೆ ಅದೇ ಅವರ ಉಗ್ರಾಣವಾಗುತ್ತದೆ ಎಂದು 1791 ಅವನಿಗೆ ಕಲಿಸಿತ್ತು. ಆಮೇಲೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಅದು ಮತ್ತೆ ಎದ್ದಿತು.

ಕೊಡಗು ಕಂಪನಿಯ ಗಡಿಯಲ್ಲಿ ಇರಲೇ ಇಲ್ಲ. ಅದನ್ನು ಹೇಗೆ ಸೇರಿಸಿದರು?

ಟಿಪ್ಪು ಎತ್ತಿದ ಆಕ್ಷೇಪವೂ ಇದೇ, ಕರಾರಿನ ಮಾತಿನಂತೆ ನೋಡಿದರೆ ಅವನ ಕಡೆ ನ್ಯಾಯವಿತ್ತು. ಕೊಡಗು ಶ್ರೀರಂಗಪಟ್ಟಣದ ಪಡುವಣ ಬಾಗಿಲು. ಅಲ್ಲಿಂದ ಸೇನೆ ಇಳಿದರೆ ರಾಜಧಾನಿ ಕೆಲವೇ ದಿನಗಳ ದಾರಿ.

ಆದರೆ ಕಂಪನಿ ಇನ್ನೊಂದು ಮಾತಿಗೆ ಸಿಕ್ಕಿಬಿದ್ದಿತ್ತು. 1790ರ ಅಕ್ಟೋಬರಿನಲ್ಲಿ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಕಂಪನಿಯ ಜೊತೆ ಕರಾರು ಮಾಡಿಕೊಂಡು, ಬೊಂಬಾಯಿ ಸೇನೆಗೆ ದಾರಿಯನ್ನೂ ದವಸವನ್ನೂ ಕೊಟ್ಟಿದ್ದ. ಅವನನ್ನು ಮತ್ತೆ ಟಿಪ್ಪುವಿನ ಕೈಗೆ ಒಪ್ಪಿಸುವುದು ಕಾರ್ನ್‌ವಾಲಿಸ್‌ಗೆ ಸಾಧ್ಯವಿರಲಿಲ್ಲ. ಹಾಗಾಗಿ, ಮಕ್ಕಳು ಕೈಗೆ ಬಂದ ಮೇಲೆ, ಹಣದ ದೊಡ್ಡ ಭಾಗವೂ ಸಂದಾಯವಾಗುತ್ತಿದ್ದಾಗ, ಕಂಪನಿಯ ಪಟ್ಟಿಯಲ್ಲಿ ಕೊಡಗಿನ ಹೆಸರು ಬಂತು. ಟಿಪ್ಪು ಸಿಟ್ಟಾದ, ಕೋಟೆಯ ದುರಸ್ತಿ ಮತ್ತೆ ಶುರುವಾಯಿತು. ಕಾರ್ನ್‌ವಾಲಿಸ್ ಮುತ್ತಿಗೆಯ ಸಿದ್ಧತೆಗೆ ಆಜ್ಞೆ ಕೊಟ್ಟು ಮಕ್ಕಳನ್ನು ಹೊರಡಿಸಿದ. ಕೊನೆಗೆ ಟಿಪ್ಪು ಮಣಿದ.

ಪಟ್ಟಿಯಲ್ಲಿ ಕೊಡಗಿನ ಬೆಲೆ ಬರೀ 8,000 ವರಹ, ಕಂಪನಿಯ ಪಾಲಿನ ನೂರಕ್ಕೆ ಒಂದೂ ಅಲ್ಲ. ಆಮೇಲೆ ವೀರರಾಜೇಂದ್ರ ಕಂಪನಿಗೆ ವರ್ಷಕ್ಕೆ ಕೊಡಲು ಒಪ್ಪಿದ 24,000 ರೂಪಾಯಿ ಕೂಡ ಇದೇ 8,000 ವರಹದ ಲೆಕ್ಕ. ಇಡೀ ಒಪ್ಪಂದವನ್ನು ಮುರಿಯುವಷ್ಟು ಜಗಳ ನಡೆದದ್ದು ಅತಿ ಕಡಿಮೆ ಹುಟ್ಟುವಳಿಯ ಸೀಮೆಯ ಮೇಲೆ. ನೆಲದ ಬೆಲೆಯನ್ನು ಕಂದಾಯದಲ್ಲಷ್ಟೇ ಅಳೆಯಬಾರದು ಎಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು.

ಯುದ್ಧ ಶುರುವಾದದ್ದೇ ತಿರುವಾಂಕೂರಿನಿಂದ. ಅವರಿಗೆ ಏನು ಸಿಕ್ಕಿತು?

1789ರ ಡಿಸೆಂಬರ್ ಕೊನೆಯಲ್ಲಿ ಟಿಪ್ಪು ಕಂಪನಿಯ ಮಿತ್ರರಾಜ್ಯವಾದ ತಿರುವಾಂಕೂರಿನ ಕೋಟೆಸಾಲಿನ ಮೇಲೆ ಬಿದ್ದದ್ದು ಯುದ್ಧಕ್ಕೆ ನೆಪವಾಯಿತು. ಹಂಚಿಕೆಯ ಹೊತ್ತಿಗೆ ಮೂರು ಪಾಲಿನಲ್ಲಿ ತಿರುವಾಂಕೂರಿನದು ಒಂದೂ ಇರಲಿಲ್ಲ.

## ಇನ್ನೂ ಒಳಹೊಕ್ಕು ಕೇಳುವವರಿಗೆ

ಎಲ್ಲ ಷರತ್ತುಗಳಲ್ಲಿ ಮೈಸೂರಿಗೆ ನಿಜವಾಗಿ ಪೆಟ್ಟು ಕೊಟ್ಟದ್ದು ಯಾವುದು?

ನಮ್ಮ ಅಭಿಪ್ರಾಯದಲ್ಲಿ ಘಾಟಿಗಳನ್ನು ಕಳೆದುಕೊಂಡದ್ದು. ಹಣ ತೀರಿತು, ಮಕ್ಕಳು ಮರಳಿದರು. ಬೆಟ್ಟದ ದಾರಿಗಳು ಮರಳಲಿಲ್ಲ. ಕೃಷ್ಣಗಿರಿ ಸಮೇತ ಬಾರಾಮಹಲು ಹೋದದ್ದರಿಂದ ಪೂರ್ವದ ಮೆಟ್ಟಿಲು ಹೋಯಿತು. ಪಾಲಕ್ಕಾಡು ಹೋದದ್ದರಿಂದ ದಕ್ಷಿಣದ ಕಣಿವೆ ಹೋಯಿತು. ಕೊಡಗು ಹೋದದ್ದರಿಂದ ಪಶ್ಚಿಮ ಬಾಗಿಲು ಹೋಯಿತು. ಹೈದರ್ ಅಲಿ ಆರ್ಕಾಟಿನ ಬಯಲಿಗೆ ಇಳಿದು ಮದ್ರಾಸನ್ನು ನಡುಗಿಸುತ್ತಿದ್ದದ್ದು ಈ ಮೆಟ್ಟಿಲುಗಳ ಬಲದಿಂದ.

ಫಲ ಏಳು ವರ್ಷಕ್ಕೆ ಕಂಡಿತು. ಮೂರನೇ ಯುದ್ಧದಲ್ಲಿ ಕಂಪನಿಯ ಸೇನಾಪತಿ ಮೆಡೋಸ್ 1790ರ ಬೇಸಿಗೆಯಿಂದ ಕೊಯಮತ್ತೂರು ಕಡೆ ಒದ್ದಾಡಿದ, ಕಾರ್ನ್‌ವಾಲಿಸ್ ಎರಡು ಸಲ ಬರಬೇಕಾಯಿತು, ಪಟ್ಟಣದ ಗೋಡೆ ಮುಟ್ಟಲು ಎರಡು ವರ್ಷ ಹಿಡಿಯಿತು. 1799ರಲ್ಲಿ ಕಂಪನಿಯ ಸೇನಾಪತಿ ಹ್ಯಾರಿಸ್‌ನ ಸೇನೆ ಮಾರ್ಚ್ 5ರಂದು ರಾಯಕೋಟೆಯ ಕಡೆಯಿಂದ ಗಡಿ ದಾಟಿತು, ಏಪ್ರಿಲ್ 5ಕ್ಕೆ ಪಟ್ಟಣದ ಮುಂದಿತ್ತು. ಅದೇ ಹೊತ್ತಿಗೆ ಬೊಂಬಾಯಿ ಸೇನೆ ಕೊಡಗಿನಲ್ಲಿ ನೆಮ್ಮದಿಯಾಗಿ ಬೀಡುಬಿಟ್ಟಿತ್ತು. ಮಾರ್ಚ್ 6ರಂದು ಪಿರಿಯಾಪಟ್ಟಣದ ಹಾದಿಯ ಸಿದ್ದೇಶ್ವರದಲ್ಲಿ ಟಿಪ್ಪು ಅದರ ಮೇಲೆ ಬಿದ್ದರೂ ತಡೆಯಲಾಗಲಿಲ್ಲ.

ಸೇನೆ ಕಡಿಮೆ ಮಾಡು, ಫ್ರೆಂಚರನ್ನು ಬಿಡು ಅಂತ ಷರತ್ತು ಇರಲಿಲ್ವಾ?

ಇರಲಿಲ್ಲ. ಸೇನೆಯ ಗಾತ್ರಕ್ಕೆ ಮಿತಿ ಇರಲಿಲ್ಲ, ದರ್ಬಾರಿನಲ್ಲಿ ಕಂಪನಿಯ ಪ್ರತಿನಿಧಿ (ರೆಸಿಡೆಂಟ್) ಇರಲಿಲ್ಲ, ಹೊರರಾಜ್ಯಗಳ ಜೊತೆ ವ್ಯವಹಾರಕ್ಕೆ ಕಟ್ಟು ಇರಲಿಲ್ಲ. ಟಿಪ್ಪು ಶ್ರೀರಂಗಪಟ್ಟಣವನ್ನು ಬಲಪಡಿಸಿದ, ಕಾಬೂಲಿನ ಜಮಾನ್ ಷಾನಿಗೆ ಪತ್ರ ಬರೆದ, ಫ್ರೆಂಚರ ಕೈಯಲ್ಲಿದ್ದ ಮಾರಿಷಸ್‌ಗೆ ದೂತರನ್ನು ಕಳಿಸಿದ. 1798ರ ಜನವರಿಯಲ್ಲಿ ಅಲ್ಲಿನ ಗವರ್ನರ್ ಮಲಾರ್ಟಿಕ್ ಅದನ್ನು ಬಹಿರಂಗವಾಗಿ ಘೋಷಿಸಿದ್ದು ಮುಂದೆ ಗವರ್ನರ್ ಜನರಲ್ ಆಗಿ ಬಂದ ವೆಲ್ಲೆಸ್ಲಿಗೆ ಬೇಕಾಗಿದ್ದ ನೆಪವಾಯಿತು.

ಅರ್ಧ ಕುಗ್ಗಿಸಿ ಅರ್ಧ ಸ್ವತಂತ್ರ ಬಿಟ್ಟ ರಾಜ್ಯ ಸೇಡಿಗೆ ಕಾಯುತ್ತದೆ ಎಂಬುದು ಆಮೇಲಿನ ಇಂಗ್ಲಿಷರು ಕಂಡುಕೊಂಡ ದೋಷ. 1799ರ ಜುಲೈ 8ರ ಒಪ್ಪಂದದಲ್ಲಿ ಅದನ್ನು ಸರಿಪಡಿಸಿಕೊಂಡರು: ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ರಾಜ್ಯ, ರೆಸಿಡೆಂಟ್, ಕಂಪನಿಯ ಸೇನೆ, ಅದರ ಖರ್ಚಿಗೆ ವರ್ಷಕ್ಕೆ 7 ಲಕ್ಷ ವರಹ.

ಒಪ್ಪಂದ ಆದ ಮೇಲೂ ಗಡಿ ಜಗಳ ಯಾಕೆ ಮುಗಿಯಲಿಲ್ಲ?

ಪಟ್ಟಿಯಲ್ಲಿ ತಾಲ್ಲೂಕಿನ ಹೆಸರಿತ್ತು, ಎಲ್ಲೆ ಇರಲಿಲ್ಲ. ವಯನಾಡು ಮಲಬಾರಿಗೆ ಸೇರಿದ್ದೋ ಅಲ್ಲವೋ ಎಂಬ ವಾದ ಆರು ವರ್ಷ ನಡೆದು, 1798ರಲ್ಲಿ ಕಂಪನಿಯೇ ಅದು ಟಿಪ್ಪುವಿನದೆಂದು ಒಪ್ಪಿತು. ಕೊಡಗು ಮತ್ತು ಮೈಸೂರಿನ ನಡುವೆ ಅಮರಸುಳ್ಯದ ತಕರಾರೂ ಹೀಗೆಯೇ ಎಳೆಯಿತು. ಮಲಬಾರಿನಲ್ಲಂತೂ ಟಿಪ್ಪು ಕೊಟ್ಟದ್ದನ್ನು ಅಲ್ಲಿನ ರಾಜರು ಒಪ್ಪಲಿಲ್ಲ. ಪಳಶ್ಶಿ ರಾಜ ಕಂಪನಿಯ ವಿರುದ್ಧವೇ ಕತ್ತಿ ಎತ್ತಿದ. ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡ್ ಮತ್ತು ಅವನ ಕೈಕೆಳಗಿದ್ದ ಥಾಮಸ್ ಮನ್ರೋ ಹೊಲ ಹೊಲ ಅಳೆದು ರೈತನ ಜೊತೆ ನೇರ ಕಂದಾಯ ಗೊತ್ತುಮಾಡಿದರು. ರೈತವಾರಿ ಪದ್ಧತಿಯ ಬೇರು ಅಲ್ಲಿದೆ.

ಮಿತ್ರರು ಒಟ್ಟಾಗೇ ಉಳಿದರಾ?

ಇಲ್ಲ. ಟಿಪ್ಪು ಮತ್ತೆ ಎದ್ದರೆ ಮೂವರೂ ಕೂಡಿ ತಡೆಯಬೇಕೆಂಬ ಖಾತರಿ ಕರಾರಿಗೆ ಮರಾಠರು ಬರಲಿಲ್ಲ. 1795ರ ಮಾರ್ಚ್‌ನಲ್ಲಿ ಖರ್ಡಾದಲ್ಲಿ ಮರಾಠರು ನಿಜಾಮನನ್ನೇ ಸೋಲಿಸಿದರು, ಕಂಪನಿ ಸುಮ್ಮನೆ ನೋಡಿತು.

ಕನ್ನಡ ನಾಡು ಹರಿದು ಹಂಚಿಹೋದದ್ದು ಈ ಒಪ್ಪಂದದಿಂದಲಾ?

ಒಂದು ಭಾಗ ಮಾತ್ರ. ಧಾರವಾಡ ಪೇಶ್ವೆಗೆ ಹೋಗಿ, 1818ರಲ್ಲಿ ಪೇಶ್ವೆ ಬಿದ್ದ ಮೇಲೆ ಬೊಂಬಾಯಿ ಪ್ರಾಂತ್ಯ ಸೇರಿತು. ಕೊಪ್ಪಳ ನಿಜಾಮನ ಬಳಿಯೇ ಉಳಿದು ಹೈದರಾಬಾದ್ ಕರ್ನಾಟಕವಾಯಿತು. 1792 ಮತ್ತು 1799ರಲ್ಲಿ ನಿಜಾಮನಿಗೆ ಸಿಕ್ಕ ತುಂಗಭದ್ರೆಯ ದಕ್ಷಿಣದ ಸೀಮೆಯನ್ನು ಅವನು 1800ರಲ್ಲಿ ಸೇನೆಯ ಖರ್ಚಿಗೆಂದು ಕಂಪನಿಗೆ ಬಿಟ್ಟ, ಬಳ್ಳಾರಿ ಮದ್ರಾಸಿಗೆ ಸೇರಿದ್ದು ಹೀಗೆ. ಕೊಡಗು 1834ರವರೆಗೆ ತನ್ನ ರಾಜರ ಕೈಯಲ್ಲಿತ್ತು. ಆದರೆ ರಾಯಚೂರು ಮೊದಲೇ ನಿಜಾಮನದು. ಧಾರವಾಡವನ್ನು ಹೈದರ್ ಅಲಿ ಮರಾಠರಿಂದಲೇ ಗೆದ್ದಿದ್ದ. 1792 ಹೊಸ ಗೆರೆ ಎಳೆದದ್ದಕ್ಕಿಂತ ಹೆಚ್ಚಾಗಿ ಹಳೆಯ ಗೆರೆಗಳನ್ನು ಗಟ್ಟಿ ಮಾಡಿತು. ಅವು ಅಳಿಸಿಹೋಗಲು 1956ರ ನವೆಂಬರ್ 1 ಬರಬೇಕಾಯಿತು.

1919ರ ವರ್ಸೇಲ್ಸ್ ಒಪ್ಪಂದಕ್ಕೆ ಇದನ್ನು ಹೋಲಿಸಬಹುದಾ?

ಹೋಲಿಸಬಹುದು, ಎಚ್ಚರದಿಂದ. ಜರ್ಮನಿ ಯುರೋಪಿನಲ್ಲಿ ಕಳೆದುಕೊಂಡದ್ದು ತನ್ನ ನೆಲದ ನೂರಕ್ಕೆ 13ರಷ್ಟು. ಮೈಸೂರು ಅರ್ಧ ಕಂದಾಯ ಕಳೆದುಕೊಂಡಿತು. ಜರ್ಮನಿಯ ಮೇಲೆ 1921ರಲ್ಲಿ ಗೊತ್ತುಮಾಡಿದ 13,200 ಕೋಟಿ ಚಿನ್ನದ ಮಾರ್ಕುಗಳನ್ನು ದಶಕಗಳ ಕಾಲ ಕೊಡಬೇಕಿತ್ತು, ಪೂರ್ತಿ ಎಂದೂ ಸಂದಾಯವಾಗಲಿಲ್ಲ. ಮೈಸೂರಿಗೆ ಸಿಕ್ಕ ಗಡುವು ಒಂದು ವರ್ಷ, ಮತ್ತು ಅದು ತೀರಿಸಿತು. ಮಕ್ಕಳು ಒತ್ತೆಯಿದ್ದದ್ದು ಅದಕ್ಕೆ ಒಂದು ಕಾರಣ. ಜರ್ಮನಿಯ ಸೇನೆಯನ್ನು 1 ಲಕ್ಷಕ್ಕೆ ಇಳಿಸಿದ್ದರು, ಮೈಸೂರಿಗೆ ಅಂಥದ್ದೇನೂ ಇರಲಿಲ್ಲ.

ಮೂಲ ಒಪ್ಪಂದದ ತಾಲ್ಲೂಕು ಪಟ್ಟಿ ಓದಬೇಕು. ಎಲ್ಲಿ ಎಡವುತ್ತೇವೆ?

ಮೂರು ಕಡೆ. ಮೊದಲನೆಯದು ಹೆಸರುಗಳು. ಅವು ಫಾರ್ಸಿ ಲೆಕ್ಕದಿಂದ ಇಂಗ್ಲಿಷಿಗೆ ಇಳಿದವು, ಕಾಗುಣಿತ ನಂಬಬೇಡಿ. ಊರನ್ನು ಅಕ್ಕಪಕ್ಕದ ತಾಲ್ಲೂಕುಗಳ ಸಾಲಿನಿಂದ ಗುರುತಿಸಿ, ಒಂದೊಂದೇ ಹೆಸರಿನಿಂದಲ್ಲ. ಎರಡನೆಯದು ನಾಣ್ಯ. ಅಂಕಣದಲ್ಲಿರುವುದು ಕಂಠೀರಾಯ ವರಹ ಮತ್ತು ಹಣ, 10 ಹಣಕ್ಕೆ 1 ವರಹ. ಈ ಲೆಕ್ಕದಲ್ಲಿ ವರಹಕ್ಕೆ 3 ರೂಪಾಯಿ ಹಿಡಿಯಬೇಕು. ಮದ್ರಾಸಿನ ನಕ್ಷತ್ರ ವರಹದ ಮೂರೂವರೆ ರೂಪಾಯಿ ದರ ಹಿಡಿದರೆ ತಲಾ 13 ಲಕ್ಷ 16 ಸಾವಿರ ವರಹದ ಪಾಲು 39 ಲಕ್ಷ 50 ಸಾವಿರದ ಬದಲು 46 ಲಕ್ಷ ರೂಪಾಯಿ ದಾಟುತ್ತದೆ, ಒಟ್ಟು ತಾಳೆಯಾಗುವುದಿಲ್ಲ. ಮೂರನೆಯದು, ಅಂದಿನ ತಾಲ್ಲೂಕನ್ನು ಇಂದಿನ ತಾಲ್ಲೂಕಿನ ಎಲ್ಲೆಗೆ ಕೂರಿಸುವುದು. ಹೆಸರು ಒಂದೇ ಇದ್ದರೂ ಎಲ್ಲೆ ಬೇರೆ, ಆದ್ದರಿಂದ ನಕಾಶೆ ಬರೆಯುವಾಗ ಊರಿನ ಚುಕ್ಕೆ ಮಾತ್ರ ಹಾಕಿ, ಗೆರೆ ಎಳೆಯಬೇಡಿ.